ಜಪಾನಿ ಮೆಕ್ಯಾನಿಕನ ಶಿವಗಣಾರಾಧನೆ

ವಿಜ್ಞಾನ ಓದಿದವರು ಮೋಸ ಹೋಗುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಹತ್ತೊಂಬತ್ತು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಮೊದಲು ಜೇವರ್ಗಿ ತಾಲೂಕಿನಲ್ಲಿ, ಈಗ ಏಳು ವರ್ಷದಿಂದ ಅಫಜಲಪುರದಲ್ಲಿ. ಮಕ್ಕಳು "ದೆವ್ವ ಅದಾವೇನ್ರಿ ಟೀಚರ್?" ಎಂದು ಕೇಳಿದರೆ, ಕೈಗೆ ಸೀಮೆಸುಣ್ಣ ಕೊಟ್ಟು, ಬೋರ್ಡಿನ ಮೇಲೆ ಪುರಾವೆ ಬರಿ ಎನ್ನುವವಳು ನಾನು. ಅಂಥ ನಾನು, ಹುಟ್ಟದೇ ಇದ್ದ ಮನುಷ್ಯನೊಬ್ಬನ ಹೆಸರಿನಲ್ಲಿ ದೊಡ್ಡ ಪಾತ್ರೆಗಟ್ಟಲೆ ಗೋಧಿ ಹುಗ್ಗಿ ಮಾಡಿಸಿ ಊರಿಗೆಲ್ಲ ಬಡಿಸಿದೆ!

ಹೇಗೆ ಎಂದು ಕೇಳಿ. ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ನನ್ನನ್ನು ಕೇಳುವವರು ಸಿಗುವುದೇ ಅಪರೂಪ.

ನನಗೆ ನಲವತ್ನಾಲ್ಕು ವರ್ಷ. ಮದುವೆಯಾಗಿಲ್ಲ. ಇದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ. ನೋಡಲು ಬಂದವರು ಚಹಾ ಚೂಡಾ ಮುಗಿಸಿ ಹೋದರು, ಆಮೇಲೆ ಬರುವುದನ್ನೇ ಬಿಟ್ಟರು, ಅಷ್ಟೇ. ತಮ್ಮ ಮಲ್ಲು ಆಳಂದ ತಾಲೂಕಿನ ಖಜೂರಿಯಲ್ಲಿ ಹೊಲ ನೋಡಿಕೊಂಡಿದ್ದಾನೆ. ಯುಗಾದಿಗೊಂದು, ಪಂಚಮಿಗೊಂದು ಫೋನ್ ಮಾಡುತ್ತಾನೆ. "ಪಂಚಮಿಗೆ ಬಾ ಅಕ್ಕಾ" ಎನ್ನುತ್ತಾನೆ, "ಶಾಲೆ ಅದಪಾ" ಎನ್ನುತ್ತೇನೆ, ಇಬ್ಬರಿಗೂ ಕರ್ತವ್ಯ ಮುಗಿದ ಸಮಾಧಾನ. ಓಣಿಯವರಿಗೆ ನನ್ನ ಮೇಲೆ ಅಪಾರ ಗೌರವ. "ಟೀಚರ್ ಓದಾಕತ್ತಿರ್ತಾರ, ತಕ್ಲೀಫ್ ಕೊಡಬ್ಯಾಡ್ರಿ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಏಳು ವರ್ಷದಲ್ಲಿ ಒಬ್ಬರೂ ನನ್ನ ಹೊಸ್ತಿಲು ದಾಟಿರಲಿಲ್ಲ. ನಾನೇನೂ ಓದುತ್ತಿರಲಿಲ್ಲ. ಗೋಡೆ ನೋಡುತ್ತಾ ಕೂತಿರುತ್ತಿದ್ದೆ. ಸುತ್ತಿ ಬಳಸಿ ಹೇಳುವುದೇಕೆ, ನಾನು ಒಂಟಿಯಾಗಿದ್ದೆ, ಒಂಟಿತನ ನನಗೆ ಸೇರುತ್ತಿರಲಿಲ್ಲ.

ಇಂಥ ದಿನಗಳಲ್ಲಿ ಒಂಬತ್ತನೇ ತರಗತಿಯಲ್ಲಿ ಗುರುತ್ವಾಕರ್ಷಣೆಯ ಪಾಠ ಬಂತು. ಬಾಹ್ಯಾಕಾಶದಲ್ಲಿ ಮನುಷ್ಯ ನೆಲದ ಮೇಲೆ ನಡೆದಂತೆ ನಡೆಯಲಾರ ಎಂದೆ. ಇಡೀ ತರಗತಿ ಎದ್ದು ನಿಂತಿತು. "ನಡೀತಾರ್ರಿ ಟೀಚರ್! ಅನಿಮೆದಾಗ ನಡೀತಾರ!" ಅನಿಮೆ ಎಂದರೆ ಜಪಾನಿನವರು ಚಿತ್ರ ಬಿಡಿಸಿ ಮಾಡುವ ಧಾರಾವಾಹಿ. ಇವರು ನೋಡುತ್ತಿದ್ದುದು ಬಾಹ್ಯಾಕಾಶ ನೌಕೆಗಳ ಕಥೆ. ಪ್ರತಿ ಗುರುವಾರ ಸಂಜೆ ಆರೂವರೆಗೆ ಹಿಂದಿ ಮಾತಿನಲ್ಲಿ ಹೊಸ ಭಾಗ ಮೊಬೈಲಿಗೆ ಬರುತ್ತದೆ. ವಿಜ್ಞಾನದ ಮಾನ ಉಳಿಸುವ ಉದಾತ್ತ ಉದ್ದೇಶದಿಂದ, ತಪ್ಪುಗಳನ್ನು ಪಟ್ಟಿ ಮಾಡಿ ಮಕ್ಕಳ ಮುಂದಿಡೋಣ ಎಂದು ಕೆಂಪು ಪೆನ್ನು ಹಿಡಿದು ನಾನೂ ಕೂತೆ.

ಮೊದಲ ಭಾಗದಲ್ಲೇ ಹದಿನಾಲ್ಕು ತಪ್ಪು ಸಿಕ್ಕವು. ನಿರ್ವಾತದಲ್ಲಿ ಸದ್ದು ಕೇಳಿಸುವುದಿಲ್ಲ. ಇಲ್ಲಿಯ ಸ್ಫೋಟಕ್ಕೆ ನನ್ನ ಸ್ಟೀಲ್ ಲೋಟ ಅದುರಿತು! ಎರಡನೇ ಭಾಗದಲ್ಲಿ ಒಂಬತ್ತು ತಪ್ಪು. ಮೂರನೆಯದರಲ್ಲಿ ಪೆನ್ನು ಕೈಯಿಂದ ಜಾರಿತು. ಏಕೆಂದರೆ ಅವನು ಬಂದ.

ಅವನು ಹೀರೋ ಅಲ್ಲ, ವಿಲನ್ನೂ ಅಲ್ಲ. ಹೀರೋನ ನೌಕೆ ಯಾವ ನಿಲ್ದಾಣದಲ್ಲಿ ಇಳಿಯಲಿ, ಹಿಂದೆ ಎಲ್ಲೋ ಒಂದು ಮೂಲೆಯಿಂದ ಬೂದು ಬಟ್ಟೆಯ ಮನುಷ್ಯನೊಬ್ಬ ಬರುತ್ತಾನೆ. ತಲೆಗೆ ಕಪ್ಪು ಗಾಜಿನ ಹೆಲ್ಮೆಟ್, ಮುಖ ಕಾಣುವುದಿಲ್ಲ. ನೌಕೆಯ ಹೊಟ್ಟೆಯಲ್ಲಿ ಒಂದೇ ಒಂದು ಬೋಲ್ಟ್ ಬಿಗಿ ಮಾಡುತ್ತಾನೆ. ಅಂಗೈಯಿಂದ ನೌಕೆಯನ್ನು ಎರಡು ಸಲ ತಟ್ಟುತ್ತಾನೆ. ಹೋಗುತ್ತಾನೆ. ಒಟ್ಟು ಇಪ್ಪತ್ತು ಸೆಕೆಂಡು. ಮಾತಿಲ್ಲ, ಹೆಸರಿಲ್ಲ. ಯಾರೂ ಅವನತ್ತ ತಿರುಗಿ ನೋಡುವುದಿಲ್ಲ. ಅವನು ಮನುಷ್ಯನೋ ಯಂತ್ರವೋ, ಯಾರು ಕಳಿಸಿದವನು, ಆ ಬೋಲ್ಟಿನಲ್ಲೇ ಏನಿದೆ ಎಂದು ಒಂಬತ್ತನೇ ತರಗತಿಯಲ್ಲಿ ಎರಡು ಪಂಗಡಗಳಾಗಿದ್ದವು. ನನಗೆ ಆ ಜಗಳ ಬೇಕಿರಲಿಲ್ಲ. ಬರುತ್ತಾನೆ, ತನ್ನ ಕೆಲಸ ಮಾಡುತ್ತಾನೆ, ಹೋಗುತ್ತಾನೆ, ಯಾರೂ ಕೇಳುವುದಿಲ್ಲ. ಇಂಥವರು ನನಗೆ ಚೆನ್ನಾಗಿ ಗೊತ್ತು. ಗುರುವಾರ ಬಂತೆಂದರೆ ಮುಖ ತೊಳೆದು, ಚಹಾ ಮಾಡಿಕೊಂಡು, ಆ ಇಪ್ಪತ್ತು ಸೆಕೆಂಡಿಗಾಗಿ ಕಾಯತೊಡಗಿದೆ.

ಒಂಬತ್ತನೇ ಭಾಗದಲ್ಲಿ ಅವನು ಸತ್ತ.

ನೌಕೆಯ ಇಂಧನದ ಟಾಕಿ ಒಡೆಯುವುದರಲ್ಲಿತ್ತು. ಅವನು ಒಳಗೆ ಹೋಗಿ, ಒಳಗಿನಿಂದಲೇ ಬೋಲ್ಟ್ ಬಿಗಿ ಮಾಡಿದ. ಬಾಗಿಲು ಮುಚ್ಚಿತು, ಬೆಂಕಿ ಎದ್ದಿತು, ನೌಕೆ ಸುರಕ್ಷಿತವಾಗಿ ಹಾರಿತು. ಒಳಗೆ ಹೀರೋ ಬಿಸ್ಕೀಟು ತಿನ್ನುತ್ತಿದ್ದ! ಒಬ್ಬರಾದರೂ "ಆ ಮನುಷ್ಯ ಎಲ್ಲಿ?" ಎನ್ನಲಿಲ್ಲ. ನನಗೆ ಸಿಟ್ಟು ಬಂತು, ಅಳು ಬಂತು. ಹೇಳಿಕೊಳ್ಳೋಣವೆಂದರೆ ಎದುರಿಗೆ ಗೋಡೆ. ಮೊಬೈಲ್ ತೆಗೆದು ಒಂದು ಹಣತೆಯ ಚಿತ್ರ ಹಾಕಿ, ಸ್ಟೇಟಸ್ಸಿನಲ್ಲಿ ಬರೆದೆ: "ನೀವು ಇನ್ನಿಲ್ಲ. ನಿಮ್ಮ ಕೆಲಸ ಯಾರೂ ನೋಡಲಿಲ್ಲ. ನಾನು ನೋಡಿದೆ." ಬರೆದ ಮೇಲೆ ಮನಸ್ಸು ಹಗುರಾಗಿ ಚೆನ್ನಾಗಿ ನಿದ್ದೆ ಹೋದೆ.

ಬೆಳಗ್ಗೆ ಏಳು ಗಂಟೆಗೆ ಬಾಗಿಲು ತೆಗೆದರೆ ಎದುರಿಗೆ ಪಕ್ಕದ ಮನೆಯ ಶಾಂತಾಬಾಯಿ. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಬುತ್ತಿ. ಅವರ ಹಿಂದೆ ಇನ್ನೂ ನಾಲ್ಕು ಹೆಂಗಸರು, ನಾಲ್ಕು ಬುತ್ತಿ.

"ಒಲಿ ಹಚ್ಚಬ್ಯಾಡ್ರಿ ಟೀಚರ್," ಎಂದರು ಶಾಂತಾಬಾಯಿ ಕಣ್ಣೊರೆಸಿಕೊಂಡು. "ಸಾವಿನ ಮನ್ಯಾಗ ಒಲಿ ಹಚ್ಚಬಾರದು. ಜುಣಕಾ, ಪುಂಡಿಪಲ್ಯ ತಂದೀವಿ. ನಮಗ ಒಂದು ಮಾತು ಹೇಳಬಾರದೇನ್ರಿ? ಸ್ಟೇಟಸ್ ನೋಡಿ ಖಬರ ತಿಳಕೋಬೇಕೇನ್ರಿ ನಾವು?"

ಆಗಲೇ ಹೇಳಬಹುದಿತ್ತು. "ಅದು ಕಾರ್ಟೂನ್ ರೀ" ಎಂಬ ಮೂರು ಪದ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಐವರೂ ಒಳಗೆ ಬಂದು, ಚಾಪೆ ಹಾಸಿ, ನನ್ನನ್ನು ನಡುವೆ ಕೂರಿಸಿಕೊಂಡರು. ಒಬ್ಬಾಕೆ ನನ್ನ ಬೆನ್ನು ಸವರಿದಳು. ನನ್ನ ಬೆನ್ನನ್ನು ಯಾರಾದರೂ ಮುಟ್ಟಿ ಎಷ್ಟು ವರ್ಷವಾಗಿತ್ತೋ! ಸತ್ಯ ಹೇಳಿದರೆ ಇವರೆಲ್ಲ ಎದ್ದು ಹೋಗುತ್ತಾರೆ. ಇವರು ಎದ್ದು ಹೋಗುವುದು ನನಗೆ ಬೇಡವಾಗಿತ್ತು. ಇದೊಂದೇ ನನ್ನ ಅಪರಾಧ.

ಆದರೆ ಒಂದು ಮಾತು ದಾಖಲಾಗಬೇಕು. ನಾನು ಒಂದೇ ಒಂದು ಸುಳ್ಳು ಹೇಳಲಿಲ್ಲ. ವಿಜ್ಞಾನದ ಟೀಚರ್ ಸುಳ್ಳು ಹೇಳುವುದಿಲ್ಲ!

"ಏನ್ ಕೆಲಸ ಮಾಡ್ತಿದ್ರು?" ಎಂದಳು ಬೆನ್ನು ಸವರಿದಾಕೆ.

"ರಿಪೇರಿ."

"ಬಸ್ಸಿಂದೇನ್ರಿ?"

"ಹಾರುವಂಥಾದ್ದು."

"ಅಯ್ಯಯ್ಯ, ವಿಮಾನದ ಇಂಜಿನಿಯರ್!" ಎಂದಳು ಹಿಂದಿನಿಂದ ಒಬ್ಬಾಕೆ.

"ತಂದಿ ತಾಯಿ ಯಾರು?"

"ತೋರಿಸಿಲ್ಲ."

"ನಿಮಗೂ ತೋರಿಸಿಲ್ಲ?"

"ಯಾರಿಗೂ ತೋರಿಸಿಲ್ಲ."

"ಎಷ್ಟು ದಿನದ ಪರಿಚಯ?"

"ಒಂದೂವರಿ ತಿಂಗಳು. ಪ್ರತಿ ಗುರುವಾರ ಬರ್ತಿದ್ರು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಳು ವರ್ಷ ಎದುರುಬದುರು ಇದ್ದರೂ ಗುರುವಾರದ ಈ ವಿಷಯ ತಮ್ಮ ಕಣ್ಣು ತಪ್ಪಿಸಿಕೊಂಡಿದ್ದು ಹೇಗೆಂದು ಅವರಿಗೆ ಭಾರೀ ಅವಮಾನವಾದಂತೆ ಕಂಡಿತು. ಆಗ ಶಾಂತಾಬಾಯಿ ಮೆಲ್ಲಗೆ, "ಹೆಸರೇನ್ರಿ ಅವರದು?" ಎಂದರು.

ಹೆಸರು! ಒಂಬತ್ತು ಭಾಗಗಳಲ್ಲಿ ಯಾರೂ ಅವನನ್ನು ಹೆಸರಿಟ್ಟು ಕರೆದಿರಲಿಲ್ಲ. ನಾನು ತಲೆ ತಗ್ಗಿಸಿ, "ಅವರ ಹೆಸರು ನಾ ಹೇಳಾಕ ಆಗಂಗಿಲ್ಲ" ಎಂದೆ.

ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡರು. ನಮ್ಮ ಕಡೆ ಹೆಂಗಸು ಬಾಯಿಬಿಟ್ಟು ಹೇಳದೇ ಇರುವುದು ಒಬ್ಬನ ಹೆಸರು ಮಾತ್ರ. ಅದು ಗಂಡನ ಹೆಸರು! ನಾನು ಕನ್ನೆಯಾಗಿ ಚಾಪೆಯ ಮೇಲೆ ಕೂತವಳು, ಆ ಒಂದು ವಾಕ್ಯದಿಂದ ವಿಧವೆಯಾಗಿಬಿಟ್ಟೆ. ಮಧ್ಯದಲ್ಲಿ ಮದುವೆ ಎಂಬ ಒಂದು ಹಂತ ಇರುತ್ತದೆಂದು ಕೇಳಿದ್ದೆ. ನನಗೆ ಅದೂ ದಕ್ಕಲಿಲ್ಲ.

ಅಷ್ಟರಲ್ಲಿ ಕೋಲೂರಿಕೊಂಡು ನೀಲಮ್ಮ ಆಯಿ ಬಂದರು. ಆಯಿ ನಮ್ಮ ಓಣಿಯ ಹಿರಿಯ ಜೀವ. ಎಂಬತ್ತರ ಹತ್ತಿರ ವಯಸ್ಸು. ಸುತ್ತಲಿನ ಊರುಗಳಲ್ಲಿ ಯಾರೇ ಸಾಯಲಿ, ಸತ್ತವರ ಗುಣ ಹಾಡಿಕೊಂಡು ಅಳಲು ಅವರನ್ನೇ ಕರೆಯುತ್ತಾರೆ. ಆಯಿ ಹಾಡಿ ಅತ್ತರೆ ಸತ್ತವನ ಜೊತೆ ಜಗಳಾಡಿದ ಪಾಲುದಾರನೂ ಗೋಡೆ ಹಿಡಿದು ಬಿಕ್ಕುತ್ತಾನೆ. ಅವರು ನನ್ನ ಪಕ್ಕ ಕೂತು, ವೈದ್ಯರು ರೋಗ ಕೇಳುವಂತೆ ಕೇಳಿದರು: "ಹೇಳವ್ವಾ. ಹೆಂಗಿದ್ದ ಅಂವ?"

"ಬರ್ತಿದ್ದ ಆಯಿ. ಒಂದು ಬೋಲ್ಟ್ ಬಿಗಿ ಮಾಡ್ತಿದ್ದ. ಹಿಂಗ ಎರಡು ಸಲ ತಟ್ಟಿ ಹೋಗ್ತಿದ್ದ. ಯಾರೂ ಅವನ್ನ ನೋಡ್ತಿರಲಿಲ್ಲ."

ಆಯಿ ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಸೆರಗು ಬಾಯಿಗಿಟ್ಟು ಹಾಡು ಎತ್ತಿಕೊಂಡರು:

"ಮಂದಿ ಬಂಡಿ ಬಿಗದೆಲ್ಲೋ ನನ್ನಪ್ಪಾ, ನಿನ್ನ ಬಂಡಿ ಬಿಟ್ಟು ಹೋದೆಲ್ಲೋ... ಬಂದದ್ದು ಯಾರಿಗೂ ಕಾಣಲಿಲ್ಲೋ, ಹೋದದ್ದು ಯಾರಿಗೂ ತಿಳಿಲಿಲ್ಲೋ... ಎಣ್ಣಿಗೈ ಒರಸಾಕ ನಿನಗ ಒಂದು ಸೆರಗ ಸಿಗಲಿಲ್ಲೋ ನನ್ನಪ್ಪಾ..."

ಬಾಹ್ಯಾಕಾಶದ ಕಥೆ ಬರೆದ ಜಪಾನಿನವರಿಗೂ ಅವನು ಇಷ್ಟು ಅರ್ಥವಾಗಿರಲಾರ. ಸೆರಗಿನ ಮಾತು ಬಂದದ್ದೇ ಅತ್ತೆ. ಹೋ ಎಂದು ಅತ್ತೆ. ಬೋಲ್ಟಿನವನಿಗಾಗಿ ಶುರುವಾದ ಅಳು ಎಲ್ಲೆಲ್ಲಿಗೋ ಹೋಯಿತು. ನನ್ನ ಅವ್ವನಿಗಾಗಿ ಅತ್ತೆ, ಚಹಾ ಚೂಡಾ ಮುಗಿಸಿ ಹೋದವರಿಗಾಗಿ ಅತ್ತೆ, ಏಳು ವರ್ಷದ ಸಂಜೆಗಳಿಗಾಗಿ ಅತ್ತೆ. "ಅಳಬೇ ನನ್ನವ್ವಾ, ಅಳು, ಒಳಗ ಇಟ್ಕೋಬ್ಯಾಡ" ಎಂದು ಆಯಿ ಬೆನ್ನು ತಟ್ಟಿದರು. ಸುಖವಾಗಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಬಹಳ ಸುಖವಾಗಿತ್ತು.

ಹತ್ತು ಗಂಟೆಯ ಹೊತ್ತಿಗೆ ಶಾಲೆಯ ಗುಂಪಿನಲ್ಲಿ ಹೆಡ್‌ಮಾಸ್ಟರು "ಲಿಂಗೈಕ್ಯರಾದ ವಿಮಾನ ಇಂಜಿನಿಯರ್ ಅವರ ಆತ್ಮಕ್ಕೆ ಶಾಂತಿ ಸಿಗಲಿ" ಎಂದು ಹಾಕಿದ್ದರು. ಸುದ್ದಿ ಜೇವರ್ಗಿಗೆ ಮುಟ್ಟಿದಾಗ ಅವನು ಮಿಲಿಟರಿ ಸೇರಿದ್ದ. ಖಜೂರಿಗೆ ಮುಟ್ಟಿದಾಗ ಗಡಿಯಲ್ಲಿ ಹುತಾತ್ಮನಾಗಿದ್ದ!

ಮಧ್ಯಾಹ್ನ ಜೀಪು ಬಂದು ನಿಂತಿತು. ಮಲ್ಲು ಇಳಿದ. ಏಳು ವರ್ಷದಲ್ಲಿ ಮೊದಲ ಬಾರಿ ನನ್ನ ಮನೆಗೆ. ಬಾಗಿಲಲ್ಲೇ ನಿಂತು ಅಳತೊಡಗಿದ.

"ಅಕ್ಕಾ, ನಾ ಸತ್ತಿದ್ನೇನ? ನನಗೊಂದು ಮಾತು ಹೇಳಬಾರದಿತ್ತೇನ? ಯಾವ ಜಾತಿ, ಯಾವ ಊರು, ನಾ ಏನರ ಕೇಳ್ತಿದ್ನೇನ? ನಾನೇ ನಿಂತು ಲಗ್ನ ಮಾಡ್ತಿದ್ದೆ!"

"ಮಲ್ಲೂ, ಹಂಗಲ್ಲೋ..."

"ಏನೂ ಹೇಳಬ್ಯಾಡ. ತಪ್ಪು ನಂದೇ. ಒಂದಿನಾ ಬಂದು ಹೆಂಗದೀ ಅಂತ ಕೇಳಲಿಲ್ಲ ನಾ."

ಆ ದಿನ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿದೆವು, ಚಿಕ್ಕವರಿದ್ದಾಗ ಮುರಿದಂತೆ. ಅವನು ಶೇಂಗಾ ಹಿಂಡಿಯನ್ನು ನನ್ನ ಕಡೆ ಸರಿಸಿದ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡೆ. ರೊಟ್ಟಿ ಮುಗಿಯಿತು, ಮಾತು ಹೊರಡಲಿಲ್ಲ. ಸಂಜೆಗೆ ಹೇಳಿದರಾಯಿತು ಎಂದುಕೊಂಡೆ. ಸಂಜೆ ಅವನು ನನ್ನ ಕೆಟ್ಟ ಫ್ಯಾನು ಸರಿ ಮಾಡಿದ. ಫ್ಯಾನು ಸರಿ ಮಾಡುವವನಿಗೆ ಯಾರು ಹೇಳುತ್ತಾರೆ!

ಮರುದಿನ ಆಯಿಯೇ ತೀರ್ಮಾನ ಕೊಟ್ಟರು. "ತಂದಿ ತಾಯಿ ಗೊತ್ತಿಲ್ಲಂದ್ರ ಏನಾತು, ನಾವರ ಮಾಡೂಣು. ಹನ್ನೊಂದನೇ ದಿನದ ತನಕ ಕಾದ್ರ ನಡುವ ಅಮಾಸಿ ಬರ್ತದ. ಗುರುವಾರ ಸಂಜಿಮುಂದ ಶಿವಗಣಾರಾಧನೆ ಇಟ್ಕೊಂಡು, ಅವನ ಹೆಸರಿಲೆ ಜಂಗಮರಿಗೆ ಪ್ರಸಾದ ಮಾಡಿಸೂಣು." ನಾನು ಬೇಡ ಬೇಡ ಎಂದೆ. ದುಃಖದಲ್ಲಿ ಹಾಗೆ ಅನ್ನುವುದು ಸಹಜ ಎಂದು ಎಲ್ಲರೂ ತಲೆಯಾಡಿಸಿದರು.

ಗುರುವಾರ ಅಂಗಳದಲ್ಲಿ ಶಾಮಿಯಾನ ಎದ್ದಿತು. ಹುಗ್ಗಿಯ ಪಾತ್ರೆ ಕುದಿಯತೊಡಗಿತು. ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿ "ಫೋಟೋ ತರ್ರಿ" ಎಂದರು.

"ಮುಖ ಕಾಣೋ ಫೋಟೋ ಇಲ್ಲ," ಎಂದೆ. ಇದೂ ಸತ್ಯವೇ.

"ಹಂಗಾದ್ರ ಅವನು ಹಿಡೀತಿದ್ದ ವಸ್ತು ಏನರ ಇಡ್ರಿ," ಎಂದರು ಆಯಿ.

ಮಲ್ಲು ಜೀಪಿಗೆ ಹೋಗಿ, ಬೋಲ್ಟ್ ಬಿಚ್ಚುವ ಪಾನಾ ಒಂದನ್ನು ಒರೆಸಿ ತಂದು ಕುರ್ಚಿಯ ಮೇಲಿಟ್ಟ. ಪಾನಾಕ್ಕೆ ವಿಭೂತಿ ಬಳಿದರು, ಚೆಂಡುಹೂವಿನ ಮಾಲೆ ಹಾಕಿದರು. ಅದರ ಮುಂದೆ ಊದಿನಕಡ್ಡಿ ಹಚ್ಚಿ, ಹೆಡ್‌ಮಾಸ್ಟರು ಎರಡು ನಿಮಿಷ ಮೌನ ಆಚರಿಸಿದರು. ಪಾನಾದ ಮುಂದೆ ಅಷ್ಟೊಂದು ಜನ ತಲೆಬಾಗಿ ನಿಂತದ್ದನ್ನು ನೋಡಿ, ನಗು ಬರದೇ ಇದ್ದದ್ದು ನನ್ನ ಜೀವನದ ದೊಡ್ಡ ಸಾಧನೆ.

ಜಂಗಮ ಅಯ್ಯನವರು ಪ್ರಸಾದಕ್ಕೆ ಕೂತರು. ನನ್ನ ಮೊಬೈಲ್ ಮಲ್ಲುವಿನ ಕೈಯಲ್ಲಿತ್ತು. ಸಮಾಧಾನ ಹೇಳುವವರ ಫೋನುಗಳನ್ನು ಅವನೇ ತೆಗೆದುಕೊಳ್ಳುತ್ತಿದ್ದ. ಸಮಯ ಆರೂವರೆ. ಮೊಬೈಲ್ ಟಿಣ್ ಎಂದಿತು.

ಮಲ್ಲು ನೋಡಿದ. ಹುಬ್ಬು ಗಂಟಿಕ್ಕಿದ. "ಅಕ್ಕಾ, ಏನೋ ಬಂದದ ನೋಡು. 'ಹೊಸ ಭಾಗ. ಸತ್ತವನು ಮರಳಿ ಬಂದ' ಅಂತ ಹಿಂದ್ಯಾಗ ಬರದಾರ. ಹೆಲ್ಮೆಟ್ ಹಾಕ್ಕೊಂಡು ಕೈಯಾಗ ಪಾನಾ ಹಿಡದಾನ. ಯಾರಿಂವ?"

ಸುಳ್ಳು ಹೇಳುವ ಅವಕಾಶ ನನಗೆ ದೇವರು ಕೊಟ್ಟದ್ದೇ ಆವಾಗ. ಆದರೆ ಅಭ್ಯಾಸ ಇರಲಿಲ್ಲ.

"ಅವರೇ," ಎಂದೆ.

ಮಲ್ಲುವಿನ ಹೆಬ್ಬೆರಳು ಮುಟ್ಟಿತು, ವಿಡಿಯೋ ಶುರುವಾಯಿತು. ಡಬ್ಬಡಬ್ಬ ಸಂಗೀತದ ನಡುವೆ ಹೊಗೆಯಿಂದ ನಮ್ಮ ಲಿಂಗೈಕ್ಯರು ಹೊರಬಂದರು. ಬಟ್ಟೆ ತುಸು ಸುಟ್ಟಿತ್ತು. ಬೋಲ್ಟ್ ಬಿಗಿ ಮಾಡಿದರು. ಎರಡು ಸಲ ತಟ್ಟಿದರು. ಹೋದರು.

ಅಷ್ಟು ಹೊತ್ತಿಗೆ ಶಾಮಿಯಾನದವರೆಲ್ಲ ಮಲ್ಲುವಿನ ಬೆನ್ನ ಹಿಂದೆ ಬಂದು ನಿಂತಿದ್ದರು.

"ಇದು ಕಾರ್ಟೂನ್!" ಎಂದರು ಶಾಂತಾಬಾಯಿ. "ನಾ ಐದು ದಿನ ಬುತ್ತಿ ಕಟ್ಟೀನ್ರೀ ಈ ಕಾರ್ಟೂನಿಗೆ! ನಮ್ಮ ಮನ್ಯಾಗ ಖರೇ ಖರೇ ಗಂಡ ಅದಾನ, ಅವನಿಗೂ ಇಷ್ಟು ರೊಟ್ಟಿ ಬಡದಿಲ್ಲ ನಾ!"

ಅಯ್ಯನವರು ಒಬ್ಬರೇ ವಿಚಲಿತರಾಗಲಿಲ್ಲ. "ಎಡಿ ಹಾಕಿದ ಮ್ಯಾಲ ಏಳಬಾರದು," ಎಂದರು. "ಸತ್ತಾಂವ ಬದುಕಿ ಬಂದಾನಂದ್ರ ಇನ್ನೂ ಚಲೋ ಆತಲ್ಲ. ಹುಗ್ಗಿ ಇನ್ನಷ್ಟು ಹಾಕ್ರಿ. ತುಪ್ಪಾನೂ ಬರಲಿ."

ಜನ ನಕ್ಕರು. ಆ ನಗೆಯಲ್ಲೇ ಒಬ್ಬೊಬ್ಬರಾಗಿ ಎದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ನಕ್ಕು ಹೋದರು. ಮಲ್ಲು ನಗಲಿಲ್ಲ. ಪಾನಾದ ಮಾಲೆ ತೆಗೆದು, ವಿಭೂತಿ ಒರೆಸಿ, ಜೀಪಿನಲ್ಲಿಟ್ಟ.

"ಮಲ್ಲೂ, ಅವತ್ತೇ ಹೇಳಬೇಕಂತ ಮಾಡಿದ್ದೆ. ನೀ ಹೋಗಿಬಿಡ್ತೀ ಅಂತ ಹೇಳಲಿಲ್ಲೋ."

ಅವನು ಜೀಪು ಹತ್ತಿ ಕೂತ. "ನಾಕು ಮಂದ್ಯಾಗ ನನ್ನ ಮಾರಿ ಎಲ್ಲಿಡಲಿ ಅಕ್ಕಾ? ಊರಾಗ ಹುತಾತ್ಮ ಅಂತ ಹೇಳೀನಿ," ಎಂದ. ಜೀಪು ಶುರು ಮಾಡಿ, "ಪಂಚಮಿಗೆ ಫೋನ್ ಮಾಡ್ತೇನಿ," ಎಂದು ಹೋದ. ಪಂಚಮಿ ಇನ್ನೂ ಏಳು ತಿಂಗಳಿತ್ತು.

ಮುಂದಿನ ವಾರ ನನಗೆ ಜ್ವರ ಬಂತು. ಈ ಬಾರಿ ಅಪ್ಪಟ ಜ್ವರ. ಮೂರು ದಿನ ಮೇಲೇಳಲಾಗಲಿಲ್ಲ. ಗುರುವಾರ ಬೆಳಗ್ಗೆ ಸ್ಟೇಟಸ್ ಹಾಕಿದೆ: "ಮೂರು ದಿನದಿಂದ ಜ್ವರ. ತುಂಬಾ ಸುಸ್ತು." ಹೆಡ್‌ಮಾಸ್ಟರು ಉತ್ತರಿಸಿದರು: "ಇದು ಎಷ್ಟನೇ ಭಾಗ ಟೀಚರ್?" ಪುರಾವೆ ಇಲ್ಲದೆ ಮಾತಾಡಬಾರದೆಂದು ಥರ್ಮಾಮೀಟರಿನ ಫೋಟೋ ಹಾಕಿದೆ. ಅದಕ್ಕೆ ಹನ್ನೊಂದು ನಗುವ ಮುಖ ಬಂದವು. ಗೋಡೆಯಾಚೆಯಿಂದ ಶಾಂತಾಬಾಯಿ, "ಟೀಚರ್, ಕೆಮ್ಮೋದು ಈ ಸಲ ಭಾಳ ಖರೇ ಅನಸ್ತದ ನೋಡ್ರಿ!" ಎಂದು ಕೂಗಿ ಮೆಚ್ಚುಗೆ ಸೂಚಿಸಿದರು. ಹಿಂದಿನ ದಿನದಿಂದ ನನ್ನ ಹೊಟ್ಟೆಯಲ್ಲಿ ಕರಿ ಚಹಾ ಬಿಟ್ಟರೆ ಏನೂ ಇರಲಿಲ್ಲ.

ಸಂಜೆ ಬಾಗಿಲ ಬಳಿ ಕೋಲಿನ ಸದ್ದಾಯಿತು. ನೀಲಮ್ಮ ಆಯಿ! ಕೊನೆಗೂ ಒಬ್ಬರು ಬಂದರಲ್ಲ ಎಂದು ನನ್ನ ಕಣ್ಣು ತುಂಬಿತು. ಕಂಬಳಿಯೊಳಗಿಂದ ಎದ್ದು ಕೂರಲು ಒದ್ದಾಡಿದೆ.

"ಬರ್ರಿ ಆಯಿ. ಏನ್ ಹೇಳಲಿ, ಮೂರು ದಿನ ಆತು, ಮೈಯೆಲ್ಲ ಕೆಂಡ ಆಗ್ಯದ..."

"ಅದಿರಲಿ ಬೇ," ಎಂದರು ಆಯಿ, ಹಾಸಿಗೆಯ ಅಂಚಿಗೆ ಕೂತು. "ಅಂವ ಹೆಂಗ ಅದಾನ?"

"ಯಾರು?"

"ಅಂವ, ಬೋಲ್ಟಿನಾಂವ. ಬೆಂಕ್ಯಾಗಿಂದ ಬಂದಾನ, ಮೈ ಏನರ ಸುಟ್ಟಿತೋ ಏನೋ. ಒಂದು ವಾರ ಆತು ಅದೇ ಚಿಂತಿ ಹತ್ಯದ ನನಗ. ತೋರಸು ಸ್ವಲ್ಪ."

ತೋರಿಸಿದೆ. ಆಯಿ ನನ್ನ ಕಂಬಳಿಯ ಅರ್ಧವನ್ನು ತಮ್ಮ ಮೊಣಕಾಲಿಗೆ ಎಳೆದುಕೊಂಡು, ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಪೂರ್ತಿ ನೋಡಿದರು. ಅವನು ಬಂದ, ಬಿಗಿ ಮಾಡಿದ, ತಟ್ಟಿದ, ಹೋದ. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಥರ್ಮಾಮೀಟರನ್ನು ಬಾಯಿಗಿಟ್ಟುಕೊಂಡೆ, ಆಯಿಗೆ ಕಂಡರೆ ಕಾಣಲಿ ಎಂದು.

"ನೋಡು," ಎಂದರು ಆಯಿ ಕೋಲು ಹಿಡಿದು ಏಳುತ್ತಾ. "ಇಷ್ಟು ಮಂದಿ ಸುತ್ತ ಅದಾರ. ಒಬ್ಬರರ ಅವನಿಗೆ ಊಟ ಆತೇನಪಾ ಅಂತ ಕೇಳಿದರೇನು? ಎಂಥಾ ಮಂದಿ ಬೇ ಇವರು!"

ಬಾಗಿಲು ಎಳೆದುಕೊಂಡು ಹೋದರು. ನನ್ನ ಬಾಯಲ್ಲಿ ಥರ್ಮಾಮೀಟರ್ ಇತ್ತು. ಮಾತಾಡುವಂತಿರಲಿಲ್ಲ. ಹೌದ್ರಿ ಆಯಿ, ಎಂಥಾ ಮಂದಿ ಎಂದು ತಲೆಯಾಡಿಸಿದೆ.